ಬಾಗಿಲು ತಡೆದು ತೆರೆದ ಪತ್ರ

ನನ್ನ ತಲೆ ಸರಿಯಾಗಿಲ್ಲ ಎಂಬ ಸುದ್ದಿ ನನಗಿಂತ ಮೊದಲು ನಂಜನಗೂಡಿನ ತರಕಾರಿ ಮಾರುಕಟ್ಟೆಗೆ ತಿಳಿದಿತ್ತು. ನಾನು ಹುರುಳಿಕಾಯಿ ಆರಿಸುತ್ತಾ ನಿಂತಿದ್ದೆ. ಅಂಗಡಿಯವಳು ತಕ್ಕಡಿ ಹಿಡಿದುಕೊಂಡೇ, "ಅಲ್ಲಾ ಸೋಮಶೇಖರಪ್ಪ, ನಿಮ್ಗೆ ತಲೆ ಇಂದುಮುಂದಾಗ್ಯದಂತೆ? ನೋಡುದ್ರೆ ಅಂಗೇನೂ ಕಾಣಾಕಿಲ್ಲ ಬುಡಿ" ಎಂದು ಸಮಾಧಾನ ಹೇಳಿದಳು.

ಇದು ೨೦೦೨ರ ಮಾತು. ಆಗ ನಮ್ಮೂರಿಗೆ ಇ-ಮೇಲ್ ಬಂದಿತ್ತು, ಆದರೆ ಮಾದಪ್ಪನ ಇಂಟರ್‌ನೆಟ್ ಸೆಂಟರಿನವರೆಗೆ ಮಾತ್ರ ಬಂದಿತ್ತು. ಅಲ್ಲಿಂದ ಮುಂದಕ್ಕೆ ಮುಟ್ಟಿಸುವ ಕೆಲಸ ಮಾದಪ್ಪನದು. ಅರ್ಧ ಊರಿನ ಪಾಸ್‌ವರ್ಡು ಅವನ ಬಾಯಲ್ಲೇ ಇತ್ತು. ಬೆಳಿಗ್ಗೆ ಎಲ್ಲರ ಪತ್ರ ತೆಗೆದು, ಪ್ರಿಂಟ್ ಹಾಕಿ, ನಾಲ್ಕು ಮಡಿಕೆ ಮಾಡಿ ಇಟ್ಟಿರುತ್ತಿದ್ದ. ಕೊಡುವಾಗ, "ಓದಿವ್ನಿ ಸಾ, ಗಾಬ್ರಿ ಆಗೋವಂಥದ್ದೇನಿಲ್ಲ" ಎಂದು ಸೇರಿಸುತ್ತಿದ್ದ. ಕೆಟ್ಟವನಲ್ಲ. ಗಾಬರಿಯಾಗುವಂಥದ್ದೇನಾದರೂ ಇದ್ದರೆ ಮೊದಲು ಒಂದು ಲೋಟ ನೀರು ಕೊಡುತ್ತಿದ್ದ.

ಅಂದು ನನಗೂ ನೀರು ಕೊಟ್ಟಿದ್ದ. ನನ್ನ ತಂಗಿ ಅರ್ಪಿತಳಿಗೆ ಚಾಮರಾಜನಗರದ ಕಡೆಯ ಒಂದು ಸಂಬಂಧ ಬಂದಿತ್ತು. ಅವರು ನಮ್ಮ ಅಪ್ಪಾಜಿಗೆ, ನನ್ನ ಇ-ಮೇಲ್ ವಿಳಾಸದ ಮೂಲಕ, ಗುಟ್ಟಾಗಿ ಒಂದು ಪ್ರಶ್ನೆ ಕೇಳಿದ್ದರು: ಹುಡುಗಿಯ ಅಣ್ಣನ ತಲೆ ಸ್ವಲ್ಪ ಹಿಂದುಮುಂದು ಎಂದು ಕೇಳಿದ್ದೇವೆ, ನಿಜವೇ? ನಾವು ಉತ್ತರ ಬರೆಯುವ ಮೊದಲೇ ಅವರ ಕಡೆಯವರೊಬ್ಬರು ಮಾರುಕಟ್ಟೆಗೆ ಬಂದು ವಿಚಾರಿಸಿದರು. ಮಾರುಕಟ್ಟೆಯೆಲ್ಲ ಒಕ್ಕೊರಲಿನಿಂದ, "ಊ ಕಣ್ರೀ, ಯಾರೋ ಕಾಗ್ದ ಬರ್ದವ್ರೆ, ಮಾದಪ್ನೇ ಓದವ್ನೆ" ಎಂದಿತು. ಅವರ ಅನುಮಾನಕ್ಕೆ ಅವರ ಪತ್ರವೇ ಸಾಕ್ಷಿಯಾಗಿ ಸಂಬಂಧ ಮುರಿದುಬಿತ್ತು. ನನ್ನ ತಲೆಯಿಂದಾಗಿ ತಂಗಿಯ ಮದುವೆ ತಪ್ಪಿತಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು. ಅರ್ಪಿತ ಮಾತ್ರ, "ಹೋಗ್ಲಿ ಬಿಡಣ್ಣ, ಅವ್ರಿಗೆ ಗೊತ್ತಾಗೋದು ಹೇಗಿದ್ರೂ ಗೊತ್ತಾಗ್ತಿತ್ತು" ಎಂದಳು.

ನಾನು ಟಿ. ನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ಬಸ್ಸಿನಲ್ಲಿ ಯಾರೋ ಬಿಟ್ಟುಹೋಗಿದ್ದ ಕಂಪ್ಯೂಟರ್ ಪತ್ರಿಕೆಯೊಂದನ್ನು ಓದಿ ನನಗೆ ಜ್ಞಾನೋದಯವಾಯಿತು. ಮನೆಗೆ ಹಳೆಯ ಕಂಪ್ಯೂಟರೊಂದು ಬಂತು, ಟೆಲಿಫೋನ್ ತಂತಿ ಬಂತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಆ ದಾರಿ ನಮ್ಮ ಪಡಸಾಲೆಯ ಮೂಲೆಯಿಂದ ಶುರುವಾಯಿತು.

ಅಪ್ಪಾಜಿ ರಾಚಯ್ಯನವರು ನಿವೃತ್ತ ಪೋಸ್ಟ್‌ಮನ್. ಮೂವತ್ತೆರಡು ವರ್ಷ ಊರಿನವರ ಕಾಗದ ಹೊತ್ತು ಒಂದನ್ನೂ ಒಡೆದು ನೋಡದವರು. ಅವರಿಗೆ ನಾನು ವಿವರಿಸಿದೆ.

"ಅಪ್ಪಾಜಿ, ನಂಜುಂಡೇಶ್ವರನ ದೇವಸ್ಥಾನದ ಹುಂಡಿ ಇದೆಯಲ್ಲ. ಹಾಕೋರು ಯಾರು?"

"ಊರೋರೆಲ್ಲ."

"ತೆಗೆಯೋರು?"

"ಅಧಿಕಾರ ಇರೋರು."

"ಅಷ್ಟೇ ಇದು. ಪಬ್ಲಿಕ್ ಕೀ ಅಂತ ಒಂದು. ಅದನ್ನ ಊರಿಗೆಲ್ಲ ಹಂಚಬಹುದು. ಅದರಿಂದ ಯಾರು ಬೇಕಾದರೂ ನನಗೆ ಪತ್ರ ಬರೆದು ಬೀಗ ಹಾಕಿ ಕಳಿಸಬಹುದು. ತೆರೆಯೋಕೆ ಪ್ರೈವೇಟ್ ಕೀ ಬೇಕು. ಅದು ನನ್ನ ಹತ್ತಿರ ಮಾತ್ರ. ಬೀಗ ಹಾಕಿದವನಿಗೂ ಆಮೇಲೆ ತೆರೆಯೋಕಾಗಲ್ಲ."

"ಬರ್ದೋನ್ಗೇ ಓದಕ್ಕಾಗಲ್ವಾ?"

"ಆಗಲ್ಲ."

ಅಪ್ಪಾಜಿ, "ನಮ್ ಕಾಲ್ದಲ್ಲಿ ಇನ್‌ಲ್ಯಾಂಡ್ ಲೆಟ್ರಿಗೆ ಗೋಂದು ಹಚ್ಚುದ್ರೆ ಸಾಕಾಗಿತ್ತು ಕಣಪ್ಪ" ಎಂದು ಎದ್ದುಹೋದರು.

ಪ್ರೈವೇಟ್ ಕೀಗೆ ಕಾವಲಾಗಿ ಒಂದು ರಹಸ್ಯವಾಕ್ಯ ಇಡಬೇಕು, ಅದು ಉದ್ದವಾಗಿರಬೇಕು, ಬೇರೆ ಯಾರೂ ಊಹಿಸಬಾರದು ಎಂದು ಪತ್ರಿಕೆಯಲ್ಲಿ ಬರೆದಿತ್ತು. ನನ್ನ ಜೀವನದಲ್ಲಿ ಯಾರೂ ಊಹಿಸಲಾಗದಂಥದ್ದು ಏನೂ ಇರಲಿಲ್ಲ. ಅಡುಗೆಮನೆಗೆ ಹೋಗಿ, "ಅವ್ವ, ನೀನು ಯಾರ ಮುಂದೆಯೂ ಹೇಳದ ಮಾತೊಂದು ಹೇಳು" ಎಂದೆ.

ನಮ್ಮ ಅವ್ವ ಪುಟ್ಟಬಸಮ್ಮ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತುಂಬ ಯೋಚಿಸಿ, ಅಪ್ಪಾಜಿ ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಂದು ಒಡಪು ಹೇಳಿದಳು. ಮದುವೆಯಾಗಿ ಮೊದಲ ಸಲ ಮನೆ ತುಂಬುವಾಗ ಹೆಂಗಸರು ಬಾಗಿಲು ತಡೆದು, ಗಂಡನ ಹೆಸರು ಹೇಳು ಎಂದು ಕಾಡಿದಾಗ ಹೇಳುವ ಎರಡು ಸಾಲಿನ ಪದ ಅದು. ಆ ಒಂದು ದಿನ ಬಿಟ್ಟರೆ ಅವಳು ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯವರನ್ನು ಕರೆದು ಹೇಳಿಸಿದವಳು. ಇದಕ್ಕಿಂತ ಭದ್ರವಾದ ರಹಸ್ಯ ಜಗತ್ತಿನಲ್ಲಿ ಎಲ್ಲಿದೆ ಎಂದು ನನಗೆ ರೋಮಾಂಚನವಾಯಿತು.

ನನ್ನ ಟೈಪಿಂಗ್ ಒಂದೇ ಬೆರಳಿನದು. ಅರ್ಪಿತ ಸೀನಿಯರ್ ಟೈಪಿಂಗ್ ಪಾಸು ಮಾಡಿದವಳು. ಅವಳನ್ನು ಕೂರಿಸಿ, ಅವ್ವ ಹೇಳಿದ್ದನ್ನು ಅವ್ವ ಹೇಳಿದಂತೆಯೇ ಒಪ್ಪಿಸಿದೆ. ಭದ್ರತೆಯ ದೃಷ್ಟಿಯಿಂದ, "ಕಣ್ಣು ಮುಚ್ಚಿಕೊಂಡು ಟೈಪ್ ಮಾಡು, ಇದು ಗುಟ್ಟು" ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ ಟೈಪ್ ಮಾಡಿದಳು. ಎಲ್ಲಿಯೂ ಬರೆದಿಡಬಾರದು ಎಂದು ಪತ್ರಿಕೆ ಹೇಳಿದ್ದರಿಂದ ನಾನು ಬರೆದಿಡಲಿಲ್ಲ. ಇಷ್ಟು ವಿಧೇಯತೆಯನ್ನು ನಾನು ಕಚೇರಿಯಲ್ಲೂ ತೋರಿಸಿದವನಲ್ಲ.

ಎರಡು ತಿಂಗಳ ಮೇಲೆ ಟಿ. ನರಸೀಪುರದ ಗುರುಮಲ್ಲೇಶ್ ಎಂಬ ಹುಡುಗ ಅರ್ಪಿತಳನ್ನು ನೋಡಲು ಬಂದ. ಅಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ. ಉಪ್ಪಿಟ್ಟು ತಿಂದ, ಹೆಚ್ಚು ಮಾತಾಡಲಿಲ್ಲ, ಹೋಗುವಾಗ ತಟ್ಟೆಯನ್ನು ತಾನೇ ಒಳಗೆ ತಂದಿಟ್ಟ. ಅಂದು ಸಂಜೆಯೆಲ್ಲ ಅರ್ಪಿತ ಆ ತಟ್ಟೆಯೊಂದನ್ನೇ ತೊಳೆಯುತ್ತಿದ್ದಳು. ಈ ಸಂಬಂಧ ತಪ್ಪಬಾರದು ಎಂದು ನಾನು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ಹರಕೆ ಹೊತ್ತು ಸುಮ್ಮನಿರಬೇಕಿತ್ತು. ಬಸ್ ನಿಲ್ದಾಣದವರೆಗೆ ಅವನನ್ನು ಕಳಿಸಿಕೊಡಲು ಹೋದವನು, "ಮುಂದಿನ ವ್ಯವಹಾರವೆಲ್ಲ ಬೀಗ ಹಾಕಿದ ಪತ್ರದಲ್ಲೇ ಆಗಲಿ. ತೆರೆದ ಪತ್ರ ಬರೆಯೋದು ಅನಾಗರಿಕರ ಲಕ್ಷಣ" ಎಂದು ನನ್ನ ಪಬ್ಲಿಕ್ ಕೀ ಇದ್ದ ಫ್ಲಾಪಿಯನ್ನು ಅವನ ಜೇಬಿಗೆ ಹಾಕಿದೆ. ಅವನು ನನ್ನನ್ನು ಗೌರವದಿಂದ ನೋಡಿದ. ಯಾರಾದರೂ ಹಾಗೆ ನೋಡಿ ಬಹಳ ವರ್ಷವಾಗಿತ್ತು.

ಸೋಮವಾರ ಪತ್ರ ಬಂತು. ಮೇಲೆ ಕನ್ನಡದಲ್ಲಿ ಎರಡು ಸಾಲು: "ಕೆಳಗಿರುವುದು ಖಾಸಗಿ ವಿಷಯ. ನಮ್ಮ ಫೋನು ಚಿಕ್ಕಪ್ಪನ ಗೊಬ್ಬರದ ಅಂಗಡಿಯಲ್ಲಿದೆ, ದಯವಿಟ್ಟು ಅಲ್ಲಿಗೆ ಫೋನು ಮಾಡಿ ಕೇಳಬೇಡಿ." ಅದರ ಕೆಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ನಾನು ಹೆಮ್ಮೆಯಿಂದ ಮನೆಯವರನ್ನೆಲ್ಲ ಕರೆದು ಗುಡ್ಡೆ ತೋರಿಸಿದೆ. "ನೋಡಿ, ಮಾದಪ್ಪ ಏನು, ಅವರಪ್ಪ ಬಂದರೂ ಓದೋಕಾಗಲ್ಲ" ಎಂದೆ.

ಕಂಪ್ಯೂಟರು ರಹಸ್ಯವಾಕ್ಯ ಕೇಳಿತು. ನನಗೂ ಓದಲಾಗಲಿಲ್ಲ.

ಹೊಳೆ ಇತ್ತು, ಕೊಡ ಇತ್ತು, ಕೊನೆಗೆ ಅಪ್ಪಾಜಿ ಇದ್ದರು. ನೆನಪಿದ್ದುದು ಇಷ್ಟೇ. ಹಲವು ಬಗೆಯಲ್ಲಿ ಹೊಡೆದು ನೋಡಿದೆ. "ತಪ್ಪು" ಎಂದಿತು. ಅರ್ಪಿತಳನ್ನು ಕೇಳಿದೆ.

"ಕಣ್ಣು ಮುಚ್ಕೊಂಡಿದ್ನಲ್ಲಣ್ಣ" ಎಂದಳು.

"ಕಣ್ಣು ಮುಚ್ಚಿದ್ರೆ ಕಿವಿಯೂ ಮುಚ್ಚುತ್ತಾ?"

"ಟೈಪಿಸ್ಟಿಗೆ ಮ್ಯಾಟ್ರು ತಲೇಲಿ ನಿಲ್ಲಲ್ಲ, ಬೆರಳಲ್ಲೇ ಹೊರಟೋಗುತ್ತೆ" ಎಂದು ಹೇಳಿ ಒಳಗೆ ಹೋದಳು. ಕಚೇರಿಯ ಟೈಪಿಸ್ಟುಗಳ ಅನುಭವದಿಂದ ನನಗೂ ಅದು ನಿಜವೆನಿಸಿತು.

ಬುಧವಾರ ನರಸೀಪುರದ ಬಸ್ ನಿಲ್ದಾಣದಲ್ಲಿ ಗುರುಮಲ್ಲೇಶನೇ ಎದುರಾದ. ಆಗ ಸತ್ಯ ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಪತ್ರ ಸಿಕ್ತಾ ಸಾರ್?"

"ಸಿಕ್ತು, ಸಿಕ್ತು. ಬಹಳ ಚೆನ್ನಾಗಿ ಬರೆದಿದ್ದೀರಿ."

"ಮೂರು ವಿಷಯಕ್ಕೂ ಒಪ್ಪಿಗೇನಾ ಸಾರ್?"

"ಸಂಪೂರ್ಣ ಒಪ್ಪಿಗೆ."

"ಎರಡನೇದು ಕೇಳಿ ತಿಳಿಸ್ತೀರಲ್ವಾ? ಅದು ತಿಳಿಯದೆ ಮುಂದಿನ ಹೆಜ್ಜೆ ಇಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ."

"ಕೇಳಿ ತಿಳಿಸ್ತೀನಿ" ಎಂದೆ. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು ಎಂಬುದು ಅಕ್ಷರಗಳ ಗುಡ್ಡೆಯ ಕೆಳಗಿತ್ತು.

ಅವನು ಸಂಕೋಚದಿಂದ, "ಮೂರನೇದಕ್ಕೆ ನೀವು ಬೇಜಾರು ಮಾಡ್ಕೋತೀರೇನೋ ಅಂತಿದ್ದೆ" ಎಂದ.

"ಛೇ ಛೇ! ಮೂರನೇದೇ ನನಗೆ ಬಹಳ ಹಿಡಿಸಿದ್ದು" ಎಂದು ಅವನ ಬೆನ್ನು ತಟ್ಟಿದೆ.

ಮನೆಗೆ ಬಂದು ಎಲ್ಲವನ್ನೂ ಒಪ್ಪಿಕೊಂಡೆ. ಅಪ್ಪಾಜಿ ಮೊದಲ ಬಾರಿಗೆ ದನಿ ಎತ್ತಿದರು. "ಓದ್ದೇ ಇರೋ ಕಾಗ್ದಕ್ಕೆ ಒಪ್ಗೆ ಅಂದ್ಯಾ? ಮೂರ್ನೇದು ಏನು ಅಂತ ಗೊತ್ತಾ ನಿಂಗೆ? ಮನೆ ಬರ್ಕೊಡಿ ಅಂದಿದ್ರೆ?"

"ಎರಡನೇದು ತಿಳಿಸ್ದಿದ್ರೆ ಅವ್ರು ಬರಾದೇ ಇಲ್ವಂತೆ?" ಎಂದು ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಚಿನ್ನದಂಥ ಹುಡ್ಗ. ತಟ್ಟೆ ಒಳಕ್ ತಂದಿಟ್ಟ."

"ಅವ್ವ, ಆ ಒಡಪು ಇನ್ನೊಂದು ಸಲ ಹೇಳು. ಹೇಳಿದ ಕೂಡಲೇ ಪತ್ರ ತೆರೆಯುತ್ತೆ" ಎಂದೆ.

ನಾನು ಇಷ್ಟು ದಿನ ತಿಳಿಯದೆ ಇದ್ದ ಒಂದು ಸತ್ಯ ಆಗ ಬಯಲಾಯಿತು. ಒಡಪು ಎನ್ನುವುದು ಕಲ್ಲಿನ ಮೇಲೆ ಬರೆದದ್ದಲ್ಲ. ಅವ್ವ ಅದನ್ನು ಗುರುವಾರ ಬೆಳಿಗ್ಗೆ ಒಂದು ರೀತಿ ಹೇಳಿದಳು, ರಾತ್ರಿ ಒಂದು ರೀತಿ ಹೇಳಿದಳು. ಒಮ್ಮೆ "ಕಪಿಲೆ ತುಂಬಿ ಬಂದ್ರೂ", ಇನ್ನೊಮ್ಮೆ "ಹೊಳೆ ಉಕ್ಕಿ ಹರಿದ್ರೂ". ಒಮ್ಮೆ ತಾಮ್ರದ ಕೊಡ, ಒಮ್ಮೆ ಮಣ್ಣಿನ ಕೊಡ. ಹೆಸರಿನ ಜಾಗಕ್ಕೆ ಬಂದಾಗ ಸುಮ್ಮನಾಗಿ ಅಪ್ಪಾಜಿಯ ಕಡೆ ಗಲ್ಲದಿಂದ ತೋರಿಸುತ್ತಿದ್ದಳು. ಅಲ್ಲಿ ರಾಚಯ್ಯ ಎಂದು ನಾನೇ ತುಂಬುತ್ತಿದ್ದೆ. ಪ್ರತಿ ಸಲವೂ ಕಂಪ್ಯೂಟರು "ತಪ್ಪು" ಎಂದಿತು.

"ತಪ್ಪು ಅಂತದಾ?" ಅವ್ವನಿಗೆ ಸಿಟ್ಟು ಬಂತು. "ನನ್ ಗಂಡನ್ ಮ್ಯಾಲೆ ನಾನ್ ಕಟ್ಟಿದ್ ಪದ. ತಪ್ಪು ಅನ್ನಾಕೆ ಅದ್ಯಾರು?"

ಗೋಡೆಗೆ ಕಿವಿ ಇರುವುದರಿಂದ ಶನಿವಾರದ ಹೊತ್ತಿಗೆ ಬೀದಿಯ ಹೆಂಗಸರು ಬಂದರು. ಎದುರುಮನೆಯ ದೇವೀರಮ್ಮ ಕವಲಂದೆಯ ಕಡೆಯವಳು. "ನಮ್ ಕಡೆ ಕೆರೆ ಅಂತೀವಿ, ಕಪಿಲೆ ಎಲ್ಲಿಂದ ಬಂದಾಳು? ಕೆರೆ ಅಂತ ಒತ್ತಿ ನೋಡಪ್ಪ" ಎಂದಳು. ಒತ್ತಿದೆ. ತಪ್ಪು. ಹಿಂದಿನ ಮನೆಯ ಕೆಂಪಾಜಮ್ಮ ನರಸೀಪುರದವಳು. "ನಮ್ಮೂರಲ್ಲಿ ಎಲ್ಡು ಒಳೆ ಕೂಡ್ತವೆ. ಬರೀ ಕಪಿಲೆ ಅಂದ್ರೆ ಕಾವೇರಿ ಮುನ್ಸ್ಕಳಾಕಿಲ್ವಾ? ಎಲ್ಡೂ ಆಕು" ಎಂದಳು. ಎರಡೂ ಹಾಕಿದೆ. ತಪ್ಪು. ಕಪಿಲೆಯ ಪಕ್ಷ, ಕಾವೇರಿಯ ಪಕ್ಷ, ಕೆರೆಯ ಪಕ್ಷ ಎಂದು ಪಡಸಾಲೆ ಮೂರು ಭಾಗವಾಯಿತು. ಜಗತ್ತಿನಲ್ಲಿ ನನಗೊಬ್ಬನಿಗೇ ತಿಳಿದಿರಬೇಕಾದ ರಹಸ್ಯವಾಕ್ಯವನ್ನು ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಹೇಳುತ್ತಿದ್ದರು.

ಬೇರೆ ದಾರಿ ಕಾಣದೆ ಮಾದಪ್ಪನನ್ನೂ ಕರೆಸಿದೆ. ಅವನು ಗುಡ್ಡೆಯನ್ನು ಬಹಳ ಹೊತ್ತು ನೋಡಿ, ಅಭ್ಯಾಸಬಲದಿಂದ ನನಗೆ ಒಂದು ಲೋಟ ನೀರು ಕೊಟ್ಟ.

ಕೊನೆಗೆ ದೇವೀರಮ್ಮ ತೀರ್ಪು ಕೊಟ್ಟಳು. "ಒಡಪು ಅನ್ನೋದು ಕುಂತ್ಕಂಡು ಕೇಳುದ್ರೆ ಬರಾದಲ್ಲ. ಬಾಗ್ಲು ತಡೀಬೇಕು, ಗಂಡ ಪಕ್ಕದಲ್ ನಿಂತಿರ್ಬೇಕು, ನಾವು ಕಾಡ್ಬೇಕು. ಆಗ ಬಾಯಿಗೆ ತಾನಾಗಿ ಬತ್ತದೆ."

"ನಾಳೆ ಬೆಳಿಗ್ಗೆ ಹತ್ತೂವರೆಗೆ ಮಾಡಿ" ಎಂದಳು ಅರ್ಪಿತ. "ಎಲ್ರೂ ಒಳ್ಳೇ ಸೀರೆ ಉಟ್ಕೊಂಡು ಬನ್ನಿ. ಶಾಸ್ತ್ರ ಅಂದ್ಮೇಲೆ ಶಾಸ್ತ್ರ."

ಐದು ದಿನದಿಂದ ಈ ವಿಷಯದಲ್ಲಿ ಬಾಯಿಬಿಡದಿದ್ದವಳು ಹೀಗೆಂದದ್ದು ನನಗೆ ಸೋಜಿಗವಾಯಿತು. ಭಾನುವಾರ ಎದ್ದು ನೋಡಿದರೆ ಅವಳಾಗಲೇ ತಲೆಗೆ ನೀರು ಹಾಕಿಕೊಂಡು ಬಾಗಿಲಿಗೆ ದೊಡ್ಡ ರಂಗೋಲಿ ಇಟ್ಟಿದ್ದಳು. ಒಲೆಯ ಮೇಲೆ ಮದುವೆ ಮನೆಯ ಪಾತ್ರೆಯಲ್ಲಿ ಕೇಸರಿಬಾತು ಬೇಯುತ್ತಿತ್ತು. ಒಡಪಿಗೆ ಇಷ್ಟೊಂದು ಕೇಸರಿಬಾತು ಏಕೆ ಎಂದು ನಾನು ಕೇಳಲಿಲ್ಲ. ನನ್ನ ತಲೆ ಕೊಡದಲ್ಲಿತ್ತು.

ಹತ್ತೂವರೆಗೆ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತರು. ಅವ್ವ, ಅಪ್ಪಾಜಿ ಬೀದಿಯಲ್ಲಿ ನಿಂತರು. ಅಪ್ಪಾಜಿ ಇಸ್ತ್ರಿ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು, "ಈ ವಯಸ್ಸಲ್ಲಿ ಇದೆಂಥ ಗ್ರಹಚಾರ" ಎನ್ನುತ್ತಲೇ ಕೂದಲು ಸರಿಮಾಡಿಕೊಂಡರು. ನಾನು ಒಳಗೆ ಕಂಪ್ಯೂಟರ್ ಮುಂದೆ ಬೆರಳು ಎತ್ತಿ ಕುಳಿತೆ. ಹಿಂದೆ ಮಾದಪ್ಪ ನಿಂತಿದ್ದ.

"ಯೋಳೇ ಪುಟ್ಟಬಸವ್ವ, ಗಂಡನ್ ಎಸ್ರು ಯೋಳು!"

"ಯೋಳ್ದಿದ್ರೆ ಒಳೀಕ್ ಬುಡಾಕಿಲ್ಲ!"

ಗದ್ದಲದ ಮಧ್ಯೆ ಬೀದಿಯಲ್ಲಿ ಒಂದು ವ್ಯಾನು ಬಂದು ನಿಂತಿತು. ಅದರಿಂದ ಹಣ್ಣು, ತೆಂಗಿನಕಾಯಿಯ ತಟ್ಟೆ ಹಿಡಿದ ಜನ ಇಳಿದರು. ಮುಂದೆ ಗೊಬ್ಬರದ ಅಂಗಡಿಯ ಚಿಕ್ಕಪ್ಪ ಪುಟ್ಟಬಸವಯ್ಯನವರು, ಹಿಂದೆ ಗುರುಮಲ್ಲೇಶ್. ಬಾಗಿಲು ತಡೆದಿರುವುದನ್ನು ಕಂಡು ಅವರೂ ಶಾಸ್ತ್ರವಿರಬೇಕೆಂದು ಅವ್ವ, ಅಪ್ಪಾಜಿಯ ಹಿಂದೆ ಸಾಲಾಗಿ ನಿಂತರು. ಅವ್ವ ಇದನ್ನು ಯಾವುದನ್ನೂ ನೋಡಲಿಲ್ಲ. ಅವಳು ಕಣ್ಣು ಮುಚ್ಚಿದ್ದಳು. ಹದಿನೆಂಟರ ಹುಡುಗಿಯಂತೆ ಸೆರಗು ಬಾಯಿಗೆ ಹಿಡಿದು, ಒಂದೇ ಉಸಿರಿನಲ್ಲಿ ಹೇಳಿದಳು:

"ಕಪಿಲೆ ತುಂಬಿ ಹರಿದ್ರೂ ನಂಗೆ ಸಾಕು ಒಂದು ಕೊಡ, ಊರು ತುಂಬ ಗಂಡಸ್ರಿದ್ರೂ ರಾಚಯ್ಯನೋರೇ ಗಂಡ."

 ವ್ಯಾನಿನವರು ಸೇರಿ ಎಲ್ಲರೂ ಹೋ ಎಂದರು.  ಮೂವತ್ತೆರಡು ವರ್ಷ ಊರಿನವರ ಹೆಸರನ್ನೆಲ್ಲ ಕೂಗಿ ಕಾಗದ ಕೊಟ್ಟ ಅಪ್ಪಾಜಿ, ತಮ್ಮ ಹೆಸರು ಕೇಳಿ ಕನ್ನಡಕ ತೆಗೆದು ಒರೆಸಲು ತೊಡಗಿದರು.  ನಾನು ಕರ್ತವ್ಯ ಮರೆಯದೆ ಅಷ್ಟನ್ನೂ ಒಂದೇ ಬೆರಳಿನಲ್ಲಿ ಒತ್ತಿದೆ.

"ತಪ್ಪು" ಎಂದಿತು.

ಅಷ್ಟರಲ್ಲಿ ಬಂದವರೆಲ್ಲ ಒಳಗೆ ಬಂದಿದ್ದರು. ಪುಟ್ಟಬಸವಯ್ಯನವರು ಚಾಪೆಯ ಮೇಲೆ ಕುಳಿತು, "ಏನ್ರೀ ಅದು, ನಮ್ ಹುಡ್ಗ ಬೀಗ ಹಾಕಿ ಬರೆದಿರೋ ಕಾಗ್ದ? ನಾವೂ ಕೇಳ್ಬೋದಾ?" ಎಂದರು. ನಾನು ಬೆವರಿದೆ. ಆಗ ಅರ್ಪಿತ ಕೇಸರಿಬಾತಿನ ತಟ್ಟೆ ಹಂಚುತ್ತಾ ಬಂದು, ನನ್ನ ಪಕ್ಕದಲ್ಲಿ ಬಗ್ಗಿ, "ಅವ್ವ ಅಡುಗೆಮನೇಲಿ ಅಪ್ಪಾಜಿ ಹೆಸರು ಹೇಳಿದ್ಳಾ ಅಣ್ಣ?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲಿ ಹೇಳಿದ್ಳು. ‘ನಮ್ಮನೆಯೋರೇ ಗಂಡ’ ಅಂತ..."

ಹೇಳುತ್ತಿದ್ದಂತೆಯೇ ಬೆರಳು ಓಡಿತು. ಗುಡ್ಡೆ ಕರಗಿ ಅಚ್ಚಗನ್ನಡದ ಪತ್ರವಾಯಿತು. ನಾನು ಪರದೆಗೆ ಕೈ ಅಡ್ಡ ಹಿಡಿಯುವ ಮೊದಲೇ, ಭುಜದ ಹಿಂದಿನಿಂದ ಮಾದಪ್ಪ ತನ್ನ ಕಂಚಿನ ಕಂಠದಲ್ಲಿ ಓದತೊಡಗಿದ್ದ.

"‘ಒಂದು: ಅರ್ಪಿತ ಅವರು ನನಗೆ ಒಪ್ಪಿಗೆ. ಎರಡು: ಭಾನುವಾರ ಹನ್ನೊಂದಕ್ಕೆ ಹಿರಿಯರೊಡನೆ ವೀಳ್ಯಶಾಸ್ತ್ರಕ್ಕೆ ಬರುವ ಆಸೆ. ಆದರೆ ನಾನು ಅವರಿಗೆ ಒಪ್ಪಿಗೆಯೇ ಎಂದು ಅವರನ್ನೇ ಕೇಳಿ ತಿಳಿಸಿ. ಅವರೇ ಬರೆದರೆ ಇನ್ನೂ ಸಂತೋಷ, ಅದಕ್ಕೆ ನನ್ನ ಪಬ್ಲಿಕ್ ಕೀ ಕೆಳಗಿದೆ. ಮೂರು: ಅಣ್ಣನವರ ತಲೆಯ ಬಗ್ಗೆ ನಂಜನಗೂಡಿನ ಮಾರುಕಟ್ಟೆಯಲ್ಲಿ ವಿಚಾರಿಸಿದೆ. ಎಲ್ಲರೂ ಒಂದೇ ಮಾತು ಹೇಳಿದರು. ನನ್ನ ಅಭ್ಯಂತರವೇನೂ ಇಲ್ಲ.’ ಗಾಬ್ರಿ ಆಗೋವಂಥದ್ದೇನಿಲ್ಲ ಸಾ" ಎಂದು ಮಾದಪ್ಪ ಮುಗಿಸಿದ.

"ಮೂರನೇದೇ ಬಹಳ ಹಿಡಿಸ್ತು ಅಂತ ಸಾರ್ ಅವತ್ತೇ ಹೇಳಿದ್ರು" ಎಂದು ಗುರುಮಲ್ಲೇಶ್ ನನ್ನನ್ನು ಉಳಿಸಲು ನೋಡಿದ. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಅಪ್ಪಾಜಿಯ ಕನ್ನಡಕ ಮತ್ತೆ ಒದ್ದೆಯಾಯಿತು.

ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೊಂದು ಮಾತು ಹೊಳೆಯಿತು. ನಾನು ಎರಡನೆಯದನ್ನು ಯಾರನ್ನೂ ಕೇಳಿರಲಿಲ್ಲ, ಯಾರಿಗೂ ತಿಳಿಸಿರಲಿಲ್ಲ.

"ಹಾಗಾದ್ರೆ ನೀವು ಬಂದದ್ದು ಹೇಗೆ?" ಎಂದೆ.

"ಗುರುವಾರ ಉತ್ತರ ಬಂತಲ್ಲ ಸಾರ್" ಎಂದು ಗುರುಮಲ್ಲೇಶ್ ಕೆಂಪಾದ.

ಗುರುವಾರ ಮಧ್ಯಾಹ್ನ ನಾನು ಕಚೇರಿಯಲ್ಲಿದ್ದೆ. ಅವ್ವ, ಅಪ್ಪಾಜಿ ಇಬ್ಬರೂ ದೇವೀರಮ್ಮನ ಜಗಲಿಯಲ್ಲಿದ್ದರು. ಮನೆಯಲ್ಲಿದ್ದವಳು ಒಬ್ಬಳೇ, ಅಂದು ಒಡಪು ಟೈಪ್ ಮಾಡಿದ್ದವಳೂ ಅವಳೇ. ಎಲ್ಲರೂ ಅರ್ಪಿತಳ ಕಡೆ ತಿರುಗಿದೆವು. ಅವಳು ಕೇಸರಿಬಾತಿನ ಪಾತ್ರೆಯನ್ನು ಬಹಳ ಶ್ರದ್ಧೆಯಿಂದ ಕೆರೆಯುತ್ತಿದ್ದಳು.

ಮಾದಪ್ಪ ಆಗಲೇ ಕಂಪ್ಯೂಟರಿನ ಇಲಿ ಹಿಡಿದು, ಕಳಿಸಿದ ಪತ್ರಗಳ ಪಟ್ಟಿ ತೆಗೆದಿದ್ದ. ಗುರುವಾರದ್ದು ಸಿಕ್ಕಿತು. ತೆರೆದ. ಮೊದಲಿಂದ ಕೊನೆಯವರೆಗೆ ಅಕ್ಷರಗಳ ಗುಡ್ಡೆ. ಕಪಿಲೆ, ಕೊಡ, ನಮ್ಮನೆಯೋರು ಎಲ್ಲವನ್ನೂ ಒತ್ತಿ ನೋಡಿದ. ಅಲುಗಲಿಲ್ಲ. ನಂಜನಗೂಡಿನಲ್ಲಿ ಅವನು ಓದಲಾಗದ ಮೊದಲ ಪತ್ರ ಅದು. ತಾನೇ ಒಂದು ಲೋಟ ನೀರು ಕುಡಿದ.

"ಏನು ಬರೆದಿದ್ದೀಯೇ?" ಎಂದು ನಾನೇ ಕೇಳಿದೆ.

"ಅದು ಅವ್ರ ಕೀಗೆ ಮಾತ್ರ ತೆರೆಯೋದಣ್ಣ" ಎಂದಳು ಅರ್ಪಿತ, ಪಾತ್ರೆಯಿಂದ ಕಣ್ಣೆತ್ತದೆ. "ಬರೆದೋರಿಗೂ ಓದೋಕಾಗಲ್ಲ. ನೀನೇ ಅಲ್ವಾ ಹೇಳಿದ್ದು?"